ಕೊಟ್ಟೋರ ಹೆಸ್ರು ಬರ್ಕೊಳ್ಳೋಕೆ ನಮಗ್ಯಾಕಿಷ್ಟು ಸೋಮಾರಿತನ?

ಮೊನ್ನೆ ಊರಿಂದ ಫೋನ್ ಬಂತು. ನಾನು ಓದಿದ ಸರ್ಕಾರಿ ಶಾಲೆಗೆ ನೂರು ವರ್ಷ ತುಂಬ್ತಾ ಇದೆ, ಶತಮಾನೋತ್ಸವ, ಅದ್ರ ನೆನಪಿಗೆ ಒಂದು ರಂಗಮಂದಿರ ಕಟ್ಟಿಸ್ತಾರಂತೆ. ಮಾತಾಡಿದ ಹುಡುಗ ಒಳ್ಳೆಯವನೇ, "ಚೆನ್ನಾಗಿದೀರಾ ಅಣ್ಣ, ಅತ್ತಿಗೆ, ಮಕ್ಕಳು ಹೆಂಗವ್ರೆ" ಅಂತೆಲ್ಲ ವಿಚಾರಿಸ್ಕೊಂಡು ಆಮೇಲೆ ನಿಧಾನಕ್ಕೆ, "ಫಾರಿನ್‌ನಲ್ಲಿರೋರಿಗೆಲ್ಲ ಒಂದು ಲಕ್ಷ ಅಂತ ಇಟ್ಕೊಂಡಿದೀವಿ ಅಣ್ಣ, ನಿಮ್ಮಿಂದ ಇದುವರ್ಗೂ ಏನೂ ಬಂದಿಲ್ಲ ನೋಡಿ" ಅಂದ. ಏನೂ ಬಂದಿಲ್ವಾ? ಹೆಂಚು ಬದಲಾಯಿಸೋವಾಗ ಕೊಟ್ಟಿದ್ದೆ, ನೀರಿನ ಫಿಲ್ಟರ್‌ಗೂ ಕೊಟ್ಟಿದ್ದೆ, ಒಂದಕ್ಕೆ ರಸೀದಿನೂ ಹಾಕಿದ್ರು. ಹೇಳಿದೆ. "ಅದು ಹಳೇ ಕಮಿಟಿ ಅಣ್ಣ, ಅವ್ರು ಪುಸ್ತಕಾನೇ ನಮ್ಮ ಕೈಗೆ ಕೊಟ್ಟಿಲ್ಲ" ಅಂದ.

ದುಡ್ಡಿನ ವಿಷ್ಯ ಅಲ್ಲ ಸ್ವಾಮಿ, ಕೊಟ್ಟಿದ್ದು ಯಾರಿಗೂ ನೆನಪಿಲ್ವಲ್ಲ ಅನ್ನೋದೇ ಚುಚ್ಚಿದ್ದು.

ಇಲ್ಲಿ ಇಂಗ್ಲೆಂಡಲ್ಲಿ ನಮ್ಮ ಬೀದಿಗೆ ಹತ್ತಿರದಲ್ಲೇ ಒಂದು ಹಾಸ್ಪಿಸ್ ಇದೆ, ಇನ್ನು ವಾಸಿ ಆಗಲ್ಲ ಅನ್ನೋ ರೋಗಿಗಳನ್ನ ಕೊನೆವರೆಗೂ ನೋಡ್ಕೊಳ್ಳೋ ಜಾಗ. ಪಕ್ಕದ ಮನೆ ಅಜ್ಜಿ ತೀರ್ಕೊಂಡಿದ್ದು ಅಲ್ಲೇ, ಆವಾಗಿಂದ ನನ್ನ ಅಕೌಂಟಿಂದ ತಿಂಗಳಿಗೆ 5 ಪೌಂಡ್ ಡೈರೆಕ್ಟ್ ಡೆಬಿಟ್ ಹೋಗುತ್ತೆ. ಐದು ಪೌಂಡು ಅಂದ್ರೆ ಇಲ್ಲಿ ಒಂದು ಕಾಫಿ ಜೊತೆಗೊಂದು ಬನ್ನು, ಅಷ್ಟೇ. ಆದ್ರೂ ಅವ್ರಿಂದ ಒಂದು ಕಾಗದ ಬಂತು: ನೀವು ಇಷ್ಟು ವರ್ಷದಿಂದ ಕೊಡ್ತಾ ಇದೀರಿ, ಆದ್ರೆ ಗಿಫ್ಟ್ ಏಡ್‌ಗೆ ಸೈನ್ ಮಾಡಿಲ್ಲ, ಟ್ಯಾಕ್ಸ್ ಕಟ್ಟೋರಾಗಿದ್ರೆ ಇದೊಂದು ಫಾರಂ ತುಂಬಿ ಕೊಡಿ ಅಂತ. ಈ ಗಿಫ್ಟ್ ಏಡ್ 1990ರಿಂದ ಇದೆ, ನೀವು ಕೊಡೋ ಒಂದೊಂದು ಪೌಂಡಿಗೂ ಸರ್ಕಾರ 25 ಪೆನ್ಸ್ ಸೇರ್ಸಿ ಸಂಸ್ಥೆಗೆ ಕೊಡುತ್ತೆ, ಹಿಂದಿನ ನಾಲ್ಕು ವರ್ಷದ್ದೂ ಕೇಳ್ಬೋದು. ಲೆಕ್ಕ ಹಾಕಿ, ನಾಲ್ಕು ವರ್ಷಕ್ಕೆ ನನ್ನದು 240 ಪೌಂಡು, ಅದ್ರ ಮೇಲೆ ಅವ್ರಿಗೆ 60 ಪೌಂಡ್ ಸಿಗುತ್ತೆ, ನನ್ನ ಜೇಬಿಂದ ಬಿಡಿಗಾಸೂ ಹೋಗಲ್ಲ. ಯಾರೋ ಒಬ್ರು ಕೂತು, ಕೊಡ್ತಿರೋರಲ್ಲಿ ಫಾರಂ ಕೊಡದೇ ಇರೋರು ಯಾರ್ಯಾರು ಅಂತ ಪಟ್ಟಿ ತೆಗ್ದಿದ್ದಕ್ಕೆ ಸಿಕ್ಕ ದುಡ್ಡು ಅದು.

ಅವ್ರ ಕೇಕ್ ಸೇಲ್‌ನಲ್ಲಿ ಆ ಪಟ್ಟಿ ನೋಡ್ಕೊಳ್ಳೋ ಹೆಂಗಸೇ ಸಿಕ್ರು. ಅವ್ರು ನೋಡೋದು ಮೂರೇ ವಿಷ್ಯ ಅಂತೆ: ಕೊನೇ ಸಲ ಯಾವಾಗ ಕೊಟ್ರು, ಎಷ್ಟು ಸಲ ಕೊಟ್ಟಿದಾರೆ, ಎಷ್ಟೆಷ್ಟು ಕೊಟ್ಟಿದಾರೆ. ಹೊಸಬ್ರನ್ನ ಹಿಡಿಯೋಕೆ ಖರ್ಚು ಜಾಸ್ತಿ, ಅದಕ್ಕೇ ಕೊಡೋದು ನಿಲ್ಲಿಸಿದೋರನ್ನೇ ಮೊದ್ಲು ನೋಡ್ತಾರೆ. ಇಪ್ಪತ್ತು ಕೊಡೋರನ್ನ ಇಪ್ಪತ್ತೈದು ಕೇಳ್ತಾರೆ, ಸಾವಿರ ಕೇಳಲ್ಲ. ನಂಗೆ ತುಂಬಾ ಹಿಡಿಸಿದ್ದು ಅವ್ರು ವಿಲ್ ಬಗ್ಗೆ ಹೇಳಿದ್ದು. ಇಲ್ಲಿ ಚಾರಿಟಿಗಳಿಗೆ ದೊಡ್ಡ ದೊಡ್ಡ ಮೊತ್ತ ಎಷ್ಟೋ ಸಲ ವಿಲ್‌ಗಳಿಂದ ಬರುತ್ತೆ, ಹಾಗೆ ಬರೆದಿಟ್ಟು ಹೋಗೋರು ಶ್ರೀಮಂತರೇ ಆಗಿರ್ಬೇಕಂತಿಲ್ಲ, ಹತ್ತಿಪ್ಪತ್ತು ವರ್ಷ ಸಣ್ಣದಾಗಿ ತಪ್ಪಿಸ್ದೆ ಕೊಟ್ಕೊಂಡು ಬಂದ ಅಜ್ಜಿಯರೇ ಅಂತೆ. ಮೊತ್ತ ನೋಡಿ ಅವ್ರನ್ನ ಬಿಟ್ಟಿದ್ರೆ ಅಷ್ಟೂ ಹೋಗಿರೋದು.

ನಮಗೇನು ಬರ್ಕೊಳ್ಳೋಕೆ ಬರಲ್ವಾ? ಮದ್ವೆ ಮನೇಲಿ ಮುಯ್ಯಿ ಪುಸ್ತಕ ಹಿಡ್ಕೊಂಡು ಕೂರೋರನ್ನ ನೋಡಿ, ಹೆಸ್ರು, ಊರು, ಮೊತ್ತ, ಸ್ಟೀಲ್ ಬಿಂದಿಗೆ ಆದ್ರೆ ಬಿಂದಿಗೆ, ಒಂದೂ ಬಿಡಲ್ಲ. ನಮ್ಮಮ್ಮ ಈಗ್ಲೂ, "ಅವ್ರು ನಿನ್ನ ನಾಮಕರಣಕ್ಕೇ 51 ಹಾಕಿದ್ರು ಕಣೋ, ಅವ್ರ ಮಗಳ ಮದ್ವೆಗೆ ಎರಡು ಸಾವ್ರಕ್ಕೆ ಕಮ್ಮಿ ಹಾಕ್ಬೇಡ" ಅಂತಾಳೆ. ಯಾವಾಗ, ಎಷ್ಟು ಸಲ, ಎಷ್ಟು, ಮೂರೂ ಬಂತು, ಮೇಲೆ ಬೆಲೆ ಏರಿಕೆ ಲೆಕ್ಕ ಬೇರೆ. ಇದೇ ಜನ ಸಂಘ ಅಂತ ಮಾಡ್ಕೊಂಡ ತಕ್ಷಣ ಪುಸ್ತಕ ಖಜಾಂಚಿ ಮನೆ ಅಟ್ಟ ಸೇರುತ್ತೆ, ಕಮಿಟಿ ಬದ್ಲಾದ್ರೆ ಜಗಳ, ಪುಸ್ತಕ ಅಲ್ಲೇ. ದಾನಿಗಳ ಹೆಸ್ರು ಟ್ಯೂಬ್‌ಲೈಟ್ ಮೇಲೆ, ಫ್ಯಾನ್ ರೆಕ್ಕೆ ಮೇಲೆ, ಅಮೃತಶಿಲೆ ಮೇಲೆ ಎಲ್ಲಾ ಕಡೆ ಇರುತ್ತೆ, ಫೋನ್ ನಂಬರ್ ಮಾತ್ರ ಎಲ್ಲೂ ಇರಲ್ಲ.

ಈಗಂತೂ ನೆಪಾನೂ ಇಲ್ಲ. 80ಜಿ ಇರೋ, ಅಂದ್ರೆ ದಾನ ಕೊಟ್ಟೋರಿಗೆ ತೆರಿಗೆ ವಿನಾಯ್ತಿ ಸಿಗೋ ಸಂಸ್ಥೆಗಳು 2021-22ರ ಆರ್ಥಿಕ ವರ್ಷದಿಂದ ದಾನಿಗಳ ವಿವರ ತೆರಿಗೆ ಇಲಾಖೆಗೆ ಕೊಡ್ಲೇಬೇಕು (ಫಾರಂ 10ಬಿಡಿ ಅಂತ ಶುರುವಾಗಿದ್ದು), ಯಾರು ಕೊಟ್ರು, ಅವ್ರ ಪ್ಯಾನ್ ಏನು, ಎಷ್ಟು ಕೊಟ್ರು, ಎಲ್ಲಾ. ಅಂದ್ರೆ ದೇಶದಲ್ಲಿ ಅಷ್ಟೊಂದು ಸಂಸ್ಥೆಗಳ ದಾನಿಗಳ ಪಟ್ಟಿ ಈಗಾಗ್ಲೇ ರೆಡಿ ಇದೆ, ಸಿಎ ಆಫೀಸಿನ ಕಂಪ್ಯೂಟರಲ್ಲಿ. ಮೇ ತಿಂಗಳಲ್ಲಿ ಅಪ್‌ಲೋಡ್ ಮಾಡಿದ್ಮೇಲೆ ಅದನ್ನ ಮತ್ತೆ ತೆಗ್ದು ನೋಡೋರು ಎಷ್ಟು ಜನ ಇದಾರೋ ಕಾಣೆ.

ಇನ್ನೊಂದು, ಈ "ಫಾರಿನ್‌ನಲ್ಲಿರೋರು" ಅಂತ ಎಲ್ರನ್ನೂ ಒಂದೇ ಕಟ್ಟಿಗೆ ಸೇರಿಸೋದು. ನನ್ನ ಹತ್ರ ಇನ್ನೂ ಭಾರತದ ಪಾಸ್‌ಪೋರ್ಟ್ ಇದೆ, ನಾನು ನನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ರೆ ತೊಂದ್ರೆ ಇಲ್ಲ. ನನ್ನ ಕ್ಲಾಸ್‌ಮೇಟ್ ಒಬ್ಬ ಬ್ರಿಟಿಷ್ ಪಾಸ್‌ಪೋರ್ಟ್ ತಗೊಂಡು ಓಸಿಐ (ಭಾರತದ ಸಾಗರೋತ್ತರ ನಾಗರಿಕ) ಆಗಿದಾನೆ, ಅವನು ಕೊಟ್ರೆ ಅದು ವಿದೇಶಿ ದೇಣಿಗೆ, ಅದಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿ ಬೇಕು, 2020ರ ತಿದ್ದುಪಡಿ ಆದ್ಮೇಲೆ ದುಡ್ಡು ಮೊದ್ಲು ಬಂದು ಬೀಳ್ಬೇಕಾಗಿರೋದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಅಕೌಂಟಿಗೇ. ವಾಟ್ಸಾಪಲ್ಲಿ ಕ್ಯೂಆರ್ ಕೋಡ್ ಕಳ್ಸೋ ಹುಡುಗ್ರಿಗೆ ಇದು ಗೊತ್ತಾ? ಪಟ್ಟೀಲಿ ಪಾಸ್‌ಪೋರ್ಟಿಗೆ ಒಂದು ಕಾಲಂ ಇಟ್ರೆ ಸಾಕಿತ್ತು.

ಹಾಗಂತ ಇಲ್ಲಿಯೋರು ಸಾಚಾ ಏನಲ್ಲ, ಅದನ್ನೂ ಹೇಳ್ಬೇಕು, ಇಲ್ದಿದ್ರೆ ಕಾಮೆಂಟಲ್ಲಿ ನೀವೇ ಹೇಳ್ತೀರಿ. 2015ರಲ್ಲಿ ಬ್ರಿಸ್ಟಲ್‌ನ ಆಲಿವ್ ಕುಕ್ ಅನ್ನೋ 92 ವರ್ಷದ ಅಜ್ಜಿ ತೀರ್ಕೊಂಡ್ರು, ಜೀವನವೆಲ್ಲಾ ಯೋಧರ ನಿಧಿಗೆ ಪಾಪಿ (poppy, ಗಸಗಸೆ ಗಿಡದ ಹೂವಿನ ಥರದ್ದು) ಹೂ ಮಾರಿದೋರು. ವಿಚಾರಿಸಿ ನೋಡಿದ್ರೆ 99 ಚಾರಿಟಿಗಳ ಹತ್ರ ಆಯಮ್ಮನ ವಿಳಾಸ ಇತ್ತು, ದುಡ್ಡು ಕೇಳಿ ಕಾಗದದ ಮೇಲೆ ಕಾಗದ ಬರ್ತಿತ್ತು, ಒಬ್ರಿಂದ ಒಬ್ರಿಗೆ ದಾಟಿಸಿದ್ದೂ ಇತ್ತು. ಸಾವಿಗೆ ಆ ಕಾಗದಗಳೇ ಕಾರಣ ಅಲ್ಲ ಅಂತ ಮನೆಯೋರೇ ಹೇಳಿದ್ರು, ಆದ್ರೂ ಜನ ಕೆರಳಿದ್ರು, ಮರುವರ್ಷ ಫಂಡ್‌ರೈಸಿಂಗ್‌ಗೆ ಅಂತಾನೇ ಹೊಸ ರೆಗ್ಯುಲೇಟರ್ ಬಂತು. ಅದೇ 2016ರ ಡಿಸೆಂಬರಲ್ಲಿ ಪ್ರಾಣಿ ದಯಾ ಸಂಸ್ಥೆ ಆರ್‌ಎಸ್‌ಪಿಸಿಎಗೆ 25,000, ಬ್ರಿಟಿಷ್ ಹಾರ್ಟ್ ಫೌಂಡೇಶನ್‌ಗೆ 18,000 ಪೌಂಡ್ ದಂಡ ಬಿತ್ತು, ದಾನಿಗಳಿಗೆ ಹೇಳ್ದೇ ಅವ್ರ ಆಸ್ತಿಪಾಸ್ತಿ ಎಷ್ಟಿರ್ಬೋದು ಅಂತ ಹುಡುಕಿಸಿದ್ದಕ್ಕೆ. ಅಲ್ಲಿಗೆ ಊರಲ್ಲಿ "ಅವ್ನ ಹತ್ರ ಎಷ್ಟಿದೆ ಗೊತ್ತಿಲ್ವಾ ನಂಗೆ" ಅನ್ನೋ ಕಟ್ಟೆ ಪುರಾಣಕ್ಕೂ ಇದಕ್ಕೂ ವ್ಯತ್ಯಾಸ ಇಷ್ಟೇ, ಇವ್ರು ಅದಕ್ಕೆ ಕಂಪನಿ ಇಟ್ಟಿದ್ರು.

ಇನ್ನೂ ಒಂದು ಒಪ್ಕೊಳ್ಲೇಬೇಕು. ಹಾಸ್ಪಿಸ್‌ನ ಆ ಹೆಂಗಸಿಗೆ ಸಂಬಳ ಇದೆ. ನಮ್ಮ ಶಾಲೆ ಹುಡುಗ ಹಗಲೆಲ್ಲ ದುಡಿದು ಸಂಜೆ ಸ್ವಂತ ಪೆಟ್ರೋಲ್ ಹಾಕ್ಕೊಂಡು ಮನೆಮನೆ ಸುತ್ತುತ್ತಾನೆ. ಚಂದಾ ದುಡ್ಡಲ್ಲಿ ತಿಂಗಳಿಗೆ ನಾಲ್ಕು ಸಾವಿರ ಕೊಟ್ಟು ಲೆಕ್ಕ ಬರೆಯೋಕೆ ಒಬ್ರನ್ನ ಇಡ್ತೀವಿ ಅಂತ ಕಮಿಟಿಯೋರು ಅಂದು ನೋಡ್ಲಿ, ದಾನದ ದುಡ್ಡಲ್ಲಿ ಸಂಬಳಾನಾ ಅಂತ ಗ್ರೂಪಲ್ಲಿ ಮೊದ್ಲು ಗಲಾಟೆ ತೆಗೆಯೋರು ನಾವು ಫಾರಿನ್‌ನೋರೇ.