ಬೈಕಿನ ಹಿಂದಿನ ಸೇಬು

ಬಳ್ಳಾರಿಯ ರಾಯಲ್ ಸರ್ಕಲ್ಲಿನಲ್ಲಿ ಕೆಂಪು ದೀಪ ಬಿದ್ದಾಗ ಮುಂದಿನ ಬೈಕಿನ ಬೆನ್ನು ಓದುವುದು ನನಗೆ ಹಳೆಯ ಚಟ. ಓದುವುದಕ್ಕೆ ಅಲ್ಲಿ ಬರವಿಲ್ಲ. ನಗುವ ಅಪ್ಪು, ಹುಬ್ಬು ಗಂಟಿಕ್ಕಿದ ಆಂಜನೇಯ, ವಾಲ್ಮೀಕಿ, ಸಂಗೊಳ್ಳಿ ರಾಯಣ್ಣ, ಅಂಬೇಡ್ಕರ್, ‘ಅಮ್ಮನ ಆಶೀರ್ವಾದ’, ಅದರ ಕೆಳಗೆ ಆ ಆಶೀರ್ವಾದಕ್ಕೆ ಸಾಲ ಕೊಟ್ಟ ಫೈನಾನ್ಸಿನ ಹೆಸರು. ಈ ದೊಡ್ಡವರ ಸಾಲಿನಲ್ಲಿ ಕೆಲವು ವರ್ಷಗಳಿಂದ ಒಂದು ಬಿಳಿ ಸೇಬೂ ಜಾಗ ಮಾಡಿಕೊಂಡಿದೆ. ಬಲಮಗ್ಗುಲಲ್ಲಿ ಯಾರೋ ಒಂದು ಬಾಯಿ ಕಚ್ಚಿದ ಸೇಬು.

ಅಪ್ಪುವನ್ನು ಅಂಟಿಸಿಕೊಂಡವನ ಮನಸ್ಸು ನನಗೆ ತಿಳಿಯುತ್ತದೆ. ಆಂಜನೇಯನನ್ನು ಅಂಟಿಸಿಕೊಂಡವನಿಗೆ ಭಕ್ತಿಯೋ ಭಯವೋ ಏನೋ ಒಂದಿದೆ. ಆದರೆ ಅಮೆರಿಕದ ಫೋನ್ ಕಂಪನಿಯೊಂದರ ಗುರುತನ್ನು ನಮ್ಮ ಸ್ಪ್ಲೆಂಡರ್ ಗಾಡಿಗೆ ಅಂಟಿಸಿಕೊಂಡು, ಸ್ವಂತ ಪೆಟ್ರೋಲು ಹಾಕಿಸಿ, ಊರೆಲ್ಲ ಮೆರೆಸುವುದೆಂದರೆ? ಹಳ್ಳಿಯ ಗೋಡೆ ಮೇಲೆ ಸಿಮೆಂಟಿನ ಹೆಸರು ಬರೆಯಲು ಬಂದವರು ಸಹ ಮನೆಯವರನ್ನು ಒಪ್ಪಿಸಬೇಕಾಗುತ್ತದೆ. ‘ಉಳಿದ ಗೋಡೆಗೂ ಬಣ್ಣ ಹೊಡೆದುಕೊಡು ಹಾಗಾದ್ರೆ’ ಎನ್ನುವ ಅಜ್ಜಿಯರಿರುತ್ತಾರೆ. ಈ ಸೇಬಿಗೆ ಅಂಥ ಯಾವ ಚೌಕಾಸಿಯೂ ಇಲ್ಲ.

ಮೊದಲು ಇದು ಬರುತ್ತಿದ್ದದ್ದು ಡಬ್ಬಿಯೊಳಗೆ, ಫೋನಿನ ಜೊತೆಗೇ. ಪ್ಲಾಸ್ಟಿಕ್ ಕಡಿಮೆ ಮಾಡುತ್ತೇವೆಂದು 2024ರಲ್ಲಿ ಆ್ಯಪಲ್‌ನವರು ಐಪ್ಯಾಡ್ ಡಬ್ಬಿಗಳಿಂದ ಸ್ಟಿಕರನ್ನು ತೆಗೆದರು. ಬಳ್ಳಾರಿಗೆ ಅದರಿಂದ ಏನೂ ಕೊರತೆಯಾಗಲಿಲ್ಲ. ನಮ್ಮ ಸೇಬುಗಳು ತಯಾರಾಗುವುದು ನಂಬರ್ ಪ್ಲೇಟ್ ಬರೆಯುವ ರೇಡಿಯಂ ಅಂಗಡಿಯಲ್ಲಿ. ಹುಡುಗ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತುತ್ತಾನೆ, ಮಷಿನ್ನು ಕಿರ್ರನೆ ಗೆರೆ ಕೊಯ್ಯುತ್ತದೆ. ಆಮೇಲಿನದ್ದು ಕೈಕೆಲಸ. ಬ್ಲೇಡಿನ ತುದಿಯಿಂದ ಸುತ್ತಲಿನ ಬೇಡದ ಭಾಗವನ್ನು ಎಬ್ಬಿಸಿ ತೆಗೆಯಬೇಕು. ಹಣ್ಣು ಸಲೀಸಾಗಿ ಉಳಿಯುತ್ತದೆ, ಮೇಲಿನ ಎಲೆ ಮಾತ್ರ ಸಣ್ಣದು, ಬೇರೆಯಾಗಿ ನಿಂತದ್ದು. ಬ್ಲೇಡಿಗೆ ಅಂಟಿಕೊಂಡು ಎದ್ದು ಬರುತ್ತದೆ. ಅದಕ್ಕೇ ಊರಿನಲ್ಲಿ ಎಲೆಯಿಲ್ಲದ ಸೇಬುಗಳೂ ಸಾಕಷ್ಟು ಓಡಾಡುತ್ತಿವೆ. ಪೆಟ್ರೋಲ್ ಟ್ಯಾಂಕಿನ ಎರಡೂ ಬದಿಗೆ ಹಚ್ಚಿಸಿಕೊಳ್ಳುವವರದು ಇನ್ನೊಂದು ಬೇಡಿಕೆ: ‘ಅಣ್ಣ, ಎರಡೂ ಕಚ್ಚು ಮುಂದಕ್ಕೇ ನೋಡ್ಬೇಕು.’ ಹಾಗಾಗಿ ಎಡಬದಿಗೆ ಉಲ್ಟಾ ಸೇಬು. ಕ್ಯಾಲಿಫೋರ್ನಿಯಾದಲ್ಲಿರುವ ಆ ಕಂಪನಿಯ ವಕೀಲರು ಕಂಡರೆ ಎದೆ ಹಿಡಿದುಕೊಂಡಾರು.

ಆ ಕಚ್ಚಿಗೊಂದು ಕಾರಣವಿದೆ. 1977ರಲ್ಲಿ ಈ ಗುರುತನ್ನು ಬರೆದ ರಾಬ್ ಜಾನಾಫ್ ಹೇಳಿರುವಂತೆ, ಚಿಕ್ಕದಾಗಿ ಅಚ್ಚಾದಾಗ ಇದು ಚೆರ್ರಿ ಹಣ್ಣಲ್ಲ, ಸೇಬು ಎಂದು ಗೊತ್ತಾಗಲಿ ಎಂದು ಕಚ್ಚಿಸಿದ್ದು, ಅಷ್ಟೆ. ಅದಕ್ಕೂ ಒಂದು ವರ್ಷ ಮುಂಚಿನ ಮೊದಲ ಗುರುತಿನಲ್ಲಿ ಮರದ ಕೆಳಗೆ ನ್ಯೂಟನ್ ಕೂತಿದ್ದ. ಅದು ಉಳಿದಿದ್ದರೆ ನಮ್ಮ ರೇಡಿಯಂ ಹುಡುಗನ ಗತಿ ಏನಾಗುತ್ತಿತ್ತೋ. ಇನ್ನು ಕಚ್ಚಿಲ್ಲದೆ ದುಂಡಗೆ ಬಿಟ್ಟಿದ್ದರೆ ಚೆರ್ರಿ ಕಾಣದ ನಮ್ಮವರು ಅಂಜೂರ ಎನ್ನುತ್ತಿದ್ದರು. ಬಳ್ಳಾರಿ ಸೀಮೆಯವರು ಬೆಳೆದು ಮಾರುವ ಹಣ್ಣು ಅದೇ.

ಅದೇ 1977ರ ಹೊತ್ತಿಗೆ, ಕಂಪನಿಗೆ ಹಣ ಹಾಕಿದ್ದ ಮೈಕ್ ಮಾರ್ಕುಲಾ ಒಂದು ಪುಟದ ಟಿಪ್ಪಣಿ ಬರೆದಿಟ್ಟರು. ಅದರಲ್ಲಿ ಮೂರು ಮಾತು. ಗಿರಾಕಿಯ ಮನಸ್ಸು ಅರಿಯಿರಿ, ಮುಖ್ಯವಲ್ಲದ್ದನ್ನು ಬಿಡಿ ಎನ್ನುವ ಎರಡು ಮಾತನ್ನು ನಮ್ಮ ಬ್ರೂಸ್‌ಪೇಟೆಯ ಯಾವ ಅಂಗಡಿಯವರಾದರೂ ಗಲ್ಲೆಯ ಮೇಲೆ ಕೂತೇ ಹೇಳಿಯಾರು. ಮೂರನೆಯದು ಕಿಲಾಡಿ ಮಾತು: ಜನ ಮಾಲನ್ನು ಅದರ ಮೇಲ್ನೋಟದಿಂದಲೇ ಅಳೆಯುತ್ತಾರೆ, ಒಳಗೆ ಚಿನ್ನವೇ ಇದ್ದರೂ ಅಡ್ಡಾದಿಡ್ಡಿಯಾಗಿ ಮುಂದಿಟ್ಟರೆ ಅಡ್ಡಾದಿಡ್ಡಿ ಮಾಲೆಂದೇ ತಿಳಿಯುತ್ತಾರೆ. ಐಫೋನ್ ಡಬ್ಬಿಯ ಮುಚ್ಚಳ ಎತ್ತಿ ನೋಡಿ. ಅದು ಪಟ್ಟನೆ ಬಿಟ್ಟುಕೊಳ್ಳುವುದಿಲ್ಲ. ಸೆರಗು ಹಿಡಿದುಕೊಂಡ ಹೊಸ ಸೊಸೆಯ ಹಾಗೆ ತಡೆತಡೆದು, ಗಾಳಿ ಎಳೆದುಕೊಳ್ಳುತ್ತ ಮೇಲೇಳುತ್ತದೆ. ಅಷ್ಟು ಹೊತ್ತಿನಲ್ಲಿ ಸುತ್ತ ನಿಂತವರೆಲ್ಲ ಕುತ್ತಿಗೆ ಚಾಚಿರುತ್ತಾರೆ, ಅಂಗಡಿಯ ಹುಡುಗ ವಿಡಿಯೊ ಮಾಡಲು ಶುರುಮಾಡಿರುತ್ತಾನೆ. ಡಬ್ಬಿಯನ್ನು ಆಮೇಲೆ ಯಾರೂ ಎಸೆಯುವುದಿಲ್ಲ. ಬೀರುವಿನ ಮೇಲೆ, ಮದುವೆ ಆಲ್ಬಮ್ಮಿನ ಪಕ್ಕ ಅದಕ್ಕೆ ಕಾಯಂ ಜಾಗ. ಸೆಕೆಂಡ್ ಹ್ಯಾಂಡಿನಲ್ಲಿ ಮಾರುವಾಗ ಡಬ್ಬಿ ಇದ್ದರೆ ರೇಟೇ ಬೇರೆ.

ಕಂಪನಿಯ ಮೇಲ್ನೋಟದ ಲೆಕ್ಕಾಚಾರ ನನಗೆ ಸರಿಯಾಗಿ ಅರ್ಥವಾದದ್ದು ಲ್ಯಾಪ್‌ಟಾಪಿನ ಒಂದು ಸಣ್ಣ ಸಂಗತಿಯಿಂದ. ಅವರ ಹಳೆಯ ಲ್ಯಾಪ್‌ಟಾಪುಗಳಲ್ಲಿ ಸೇಬು ಮಾಲೀಕನ ಕಡೆ ಮುಖ ಮಾಡಿತ್ತು. ಮುಚ್ಚಿಟ್ಟದ್ದನ್ನು ಎದುರಿಗಿಟ್ಟುಕೊಂಡರೆ ನೆಟ್ಟಗೆ ಕಾಣುವುದು, ತೆರೆದರೆ ಎದುರು ಕೂತವರಿಗೆ ತಲೆಕೆಳಗು. ಆಮೇಲೆ ಅದನ್ನು ತಿರುಗಿಸಿಬಿಟ್ಟರು. ಈಗ ತೆರೆದಾಗ ಎದುರಿನವರಿಗೆ ನೆಟ್ಟಗೆ. ದುಡ್ಡು ಕೊಟ್ಟವನು ಮುಚ್ಚಿದ್ದನ್ನು ನೋಡುವಾಗ ತಲೆಕೆಳಗಾದ ಸೇಬನ್ನೇ ನೋಡಬೇಕು. ಅವನು ಹೇಗೂ ಕೊಂಡಾಗಿದೆ. ಇನ್ನೂ ಕೊಳ್ಳದವರು ಎದುರು ಕೂತಿದ್ದಾರೆ.

ಇದನ್ನು ನಮ್ಮ ಮೊಬೈಲ್ ಅಂಗಡಿಗಳು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ದಿವೆ. ಅಲ್ಲಿ ‘ಲೋಗೋ ಕಟ್’ ಎಂಬ ಬ್ಯಾಕ್ ಕವರ್ ಸಿಗುತ್ತದೆ. ಬಿದ್ದರೆ ಒಡೆಯದಿರಲೆಂದು ಹಾಕುವ ಕವರಿನ ನಟ್ಟನಡುವೆ, ಸೇಬು ಕಾಣಲೆಂದು ಒಂದು ದುಂಡನೆಯ ತೂತು. ಕ್ಯಾಮೆರಾಕ್ಕೆ ತೂತು ಬಿಡುವುದು ಸರಿ, ಅದು ನೋಡಬೇಕು. ಈ ತೂತು ತೋರಿಸುವುದಕ್ಕೆ. ಮದುವೆ ಛತ್ರದ ಕನ್ನಡಿಯ ಮುಂದೆ ನಿಂತು ಫೋಟೊ ತೆಗೆದುಕೊಳ್ಳುವ ಹುಡುಗರನ್ನು ಗಮನಿಸಿ: ಫೋನು ಸರಿಯಾಗಿ ಮುಖಕ್ಕೆ ಅಡ್ಡ. ಹೊಸ ಷರ್ಟು, ಹೊಸ ಹೇರ್ ಕಟ್ಟು, ಮುಖದ ಜಾಗದಲ್ಲಿ ಸೇಬು.

1984ರ ಜನವರಿ 22ರಂದು, ಅಮೆರಿಕದಲ್ಲಿ ದೊಡ್ಡ ಫುಟ್‌ಬಾಲ್ ಪಂದ್ಯದ ನಡುವೆ ಇದೇ ಕಂಪನಿ ಒಂದು ನಿಮಿಷದ ಜಾಹೀರಾತು ಹಾಕಿತ್ತು. ರಿಡ್ಲೆ ಸ್ಕಾಟ್ ನಿರ್ದೇಶನ. ತಲೆ ಬೋಳಿಸಿದ ಗಂಡಸರು ಒಂದೇ ಥರ ಹೆಜ್ಜೆ ಹಾಕಿ ಬರುತ್ತಾರೆ, ಒಬ್ಬ ಹೆಣ್ಣುಮಗಳು ಓಡಿ ಬಂದು ಪರದೆಗೆ ಸುತ್ತಿಗೆ ಬೀಸುತ್ತಾಳೆ. ಮಾರಬೇಕಾದ ಕಂಪ್ಯೂಟರನ್ನು ತೋರಿಸುವುದೇ ಇಲ್ಲ. ಕಂಪನಿಯ ನಿರ್ದೇಶಕರಿಗೆ ಅದು ಹಿಡಿಸಿರಲಿಲ್ಲ, ಜನಕ್ಕೆ ಹಿಡಿಸಿತು. ಎಲ್ಲರ ಹಾಗಿರಬೇಡಿ ಎನ್ನುವ ಆ ಮಾತನ್ನೇ ಅವರು ಇವತ್ತಿಗೂ ಬೇರೆಬೇರೆ ಬಗೆಯಲ್ಲಿ ಮಾರುತ್ತಿದ್ದಾರೆ, ಮತ್ತು ನಾವೆಲ್ಲರೂ ಸೇರಿ ಕೊಳ್ಳುತ್ತಿದ್ದೇವೆ.

ಈ ಆಟ ನಮ್ಮೂರಿಗೆ ಹೊಸದಂತೂ ಅಲ್ಲ. ಬಳ್ಳಾರಿ ಜೀನ್ಸಿನ ಊರು. ಬ್ರಿಟಿಷರ ದಂಡಿಗೆ ಸಮವಸ್ತ್ರ ಹೊಲಿದ ಕೈಗಳೇ ಮುಂದೆ ಈ ಕಸುಬಿಗೆ ಬಂದವು ಎನ್ನುತ್ತಾರೆ. ಒಂದು ಮನೆಯಲ್ಲಿ ಹೊಲಿಗೆ, ಇನ್ನೊಂದು ಓಣಿಯಲ್ಲಿ ಗುಂಡಿ, ಮತ್ತೊಂದು ಕಡೆ ವಾಷಿಂಗು, ಜಗಲಿಯ ಮೇಲೆ ಕೂತ ಹೆಂಗಸರ ಕೈಯಲ್ಲಿ ದಾರ ಕತ್ತರಿಸುವ ಕೆಲಸ. ಕಡೆಗೆ ಹಿಂದಿನ ಸೊಂಟಪಟ್ಟಿಯ ಮೇಲೆ ಬಲಗಡೆ ಒಂದು ಚರ್ಮದ ತುಂಡು ಹೊಲಿಯುತ್ತಾರೆ, ಅದರ ಮೇಲೆ ಹೆಸರು. ಪ್ಯಾಂಟಿನಲ್ಲಿ ಅದಕ್ಕೇನೂ ಕೆಲಸವಿಲ್ಲ. ಅದು ಹರಿದರೂ ಪ್ಯಾಂಟು ಜಾರುವುದಿಲ್ಲ. ತೊಟ್ಟವನು ಕತ್ತು ಹೊರಳಿಸಿದರೂ ಅವನಿಗೆ ಅದು ಕಾಣದು. ಅದು ಹಿಂದೆ ನಿಂತವನಿಗಾಗಿ ಇರುವುದು, ಥೇಟ್ ಸಿಗ್ನಲ್ಲಿನಲ್ಲಿ ನನ್ನಂಥವನಿಗಾಗಿ. ಅದರ ಮೇಲೆ ಬಳ್ಳಾರಿಯ ಹೆಸರು ಕಾಣುವುದು ಅಪರೂಪ. ಐಫೋನುಗಳೂ ಈಗ ನಮ್ಮ ರಾಜ್ಯದಲ್ಲೇ, ದೇವನಹಳ್ಳಿಯಲ್ಲಿ, ಕೋಲಾರದ ನರಸಾಪುರದಲ್ಲಿ ಜೋಡಣೆಯಾಗುತ್ತವೆ. ಅವುಗಳ ಡಬ್ಬಿಯ ಮೇಲೂ ಕ್ಯಾಲಿಫೋರ್ನಿಯಾದಲ್ಲಿ ವಿನ್ಯಾಸಗೊಂಡದ್ದು ಎಂಬುದೇ ಮೊದಲ ಮಾತು. ನರಸಾಪುರದ ಹೆಸರು ಹಾಕಿ ನೋಡಲಿ ಒಂದು ಸಲ, ನಾನಂತೂ ಒಂದು ಸ್ಟಿಕರ್ ಮಾಡಿಸುತ್ತೇನೆ.

ಇಷ್ಟಾದರೂ ಬಳ್ಳಾರಿಯ ಮೇಲೆ ಆ ಕಂಪನಿ ವಿಶೇಷ ಪ್ರೀತಿ ತೋರಿದ ನೆನಪಿಲ್ಲ. 2023ರ ಏಪ್ರಿಲ್‌ನಲ್ಲಿ ಮುಂಬೈಯಲ್ಲಿ ದೇಶದ ತಮ್ಮ ಮೊದಲ ಅಂಗಡಿ ತೆರೆಯಲು ಬಂದ, ಆಗ ಕಂಪನಿಯ ಮುಖ್ಯಸ್ಥರಾಗಿದ್ದ ಟಿಮ್ ಕುಕ್, ಮಾಧುರಿ ದೀಕ್ಷಿತ್ ಜೊತೆ ಕೂತು ವಡಾಪಾವ್ ತಿಂದರು. ಆ ಒಂದು ಫೋಟೊ ಎಷ್ಟು ಜಾಹೀರಾತಿಗೆ ಸಮ ಎಂದು ಲೆಕ್ಕ ಹಾಕಿದವರಿಲ್ಲ. 2025ರ ಸೆಪ್ಟೆಂಬರ್ 2ರಂದು ಬೆಂಗಳೂರಿನ ಹೆಬ್ಬಾಳದ ಕಡೆ ಒಂದು ಅಂಗಡಿ ಬಂತು. ಇಲ್ಲಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ನಮ್ಮಲ್ಲಿಗೆ ಯಾರೂ ಒಗ್ಗರಣೆ-ಮಿರ್ಚಿ ತಿನ್ನಲು ಬರಲಿಲ್ಲ. ಬಂದಿದ್ದರೆ ಬಾಯಿ ಉರಿದು, ಫೋಟೊ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲವೇನೋ.

ಪರಿಚಯದ ಜೀನ್ಸ್ ಯೂನಿಟ್ ಯಜಮಾನರೊಬ್ಬರು ಇಂಜಿನಿಯರಿಂಗ್ ಓದುವ ಮಗಳಿಗೆ ಕಂತಿನ ಮೇಲೆ ಐಫೋನ್ ಕೊಡಿಸಿದರು. 2020ರಿಂದ ಅದರ ಡಬ್ಬಿಯಲ್ಲಿ ಚಾರ್ಜರ್ ಅಡಾಪ್ಟರ್ ಇರುವುದಿಲ್ಲ, ಪರಿಸರದ ಕಾರಣಕ್ಕೆ ಎಂದು ಕಂಪನಿ ಹೇಳುತ್ತದೆ. ಬೇರೆಯವರು ಇದಕ್ಕೆ ಗೊಣಗುತ್ತಾರೆ. ಇವರು ಕಟಿಂಗ್ ಟೇಬಲ್ಲಿನ ಮೇಲೆ ಕೈಯೂರಿ, ಎದುರಾಳಿಯ ಪಟ್ಟಿಗೆ ತಲೆದೂಗುವ ಪೈಲ್ವಾನನ ಗತ್ತಿನಲ್ಲಿ ಅದನ್ನು ಮೆಚ್ಚಿಕೊಂಡರು. ‘ಹೆಸರು ಮಾಡೋದು ಅಂದ್ರೆ ಇದು ನೋಡಿ ಸಾರ್. ನಾಳೆ ನಾನು ಪರಿಸರಕ್ಕೋಸ್ಕರ ಅಂತ ಜಿಪ್ ಹಾಕ್ದೆ ಪ್ಯಾಂಟ್ ಕಳಿಸ್ಲಿ, ಜಿಪ್ ಬೇರೆ ಕೊಂಡ್ಕೊಳ್ಳಿ ಅನ್ಲಿ. ಹುಬ್ಬಳ್ಳಿ ಪಾರ್ಟಿ ಲಾರಿ ಸಮೇತ ವಾಪಸ್ ಕಳಿಸ್ತಾನೆ.’

‘ಅಡಾಪ್ಟರ್ ಏನು ಮಾಡಿದ್ರಿ?’ ಎಂದು ಕೇಳಿದೆ.

‘ಅದೂ ಅವರದ್ದೇ ತಗೊಂಡ್ವಿ. ಪಕ್ಕದಲ್ಲೇ ಅಗ್ಗದ್ದು ಇತ್ತು, ನಮ್ಮ ಹುಡುಗಿ ಮುಟ್ಲಿಲ್ಲ’ ಅಂದವರೇ, ಲೇಬಲ್ಲಿನ ಕಟ್ಟು ಇನ್ನೂ ಬಂದಿಲ್ಲವೆಂದು ಯಾರಿಗೋ ಫೋನ್ ಹಚ್ಚಿದರು.