ಹುಳಕ್ಕೂ ಮಸಾಲೆ, ಬೇರಿಗೂ ಬೆಲ್ಲ

ಸಾವಯವ ಅಂದರೆ ಖರ್ಚಿಲ್ಲದ ಕೃಷಿ ಅಂತ ಯಾರು ಹೇಳಿದರೋ, ಅವರು ಅಡುಗೆಮನೆಯ ಡಬ್ಬಿ ತೆಗೆದು ನೋಡಿದವರಲ್ಲ. ನಮ್ಮವರು ನಿವೃತ್ತರಾಗಿ ಬಾಗಲಕೋಟೆ ನವನಗರದ ಮನೆಯ ಹಿತ್ತಲಿಗೆ ಇಳಿದ ಮೇಲೆ ಒಂದು ಯೂರಿಯಾ ಚೀಲ, ಒಂದು ಔಷಧದ ಬಾಟಲಿ ಗೇಟು ದಾಟಿ ಒಳಗೆ ಬಂದಿಲ್ಲ, ಖರೆ. ಗಿಡಕ್ಕೆ ಬೇಕಾದ್ದೆಲ್ಲ ನನ್ನ ಅಡುಗೆಮನೆಯ ಹಿಂಬಾಗಿಲಿಂದ ಹೊರಗೆ ಹೋಗುತ್ತದೆ. ಬೆಲ್ಲ ಹೋಯಿತು, ಕಡಲೆಹಿಟ್ಟು ಹೋಯಿತು, ಬೆಳ್ಳುಳ್ಳಿ, ಮೆಣಸಿನಕಾಯಿ, ಇಂಗು, ಹುಳಿ ಮಜ್ಜಿಗೆ ಹೋದವು. ಉಪ್ಪೊಂದು ಬಿದ್ದಿದ್ದರೆ ನಾವೂ ಅಲ್ಲೇ ಉಣ್ಣಬಹುದಿತ್ತು.

ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಅಂತಾರೆ. ನಮ್ಮ ಓಣಿಗೆ ಜೋಳ ಬರಲಿಲ್ಲ, ನೀಲಿ ಡ್ರಮ್ಮು ಬಂತು. ಜೂನ್‌ನಲ್ಲಿ ಮಿರಗದ ಮಳೆ ಕೂಡುವಷ್ಟರಲ್ಲಿ ಜೀವಾಮೃತ ಅನ್ನುವ ದ್ರವ ಗೊಬ್ಬರ ತಯಾರಾಗಬೇಕು ಅಂತ ನಮ್ಮವರ ಹಟ. ಸಹಜ ಕೃಷಿಯ ಸುಭಾಷ್ ಪಾಳೇಕರ್ ಪದ್ಧತಿಯಲ್ಲಿ ಇದರ ಲೆಕ್ಕ ಎಕರೆಗೆ: 200 ಲೀಟರ್ ನೀರು, 10 ಕೆ.ಜಿ. ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆ.ಜಿ. ಬೆಲ್ಲ, 2 ಕೆ.ಜಿ. ದ್ವಿದಳ ಧಾನ್ಯದ ಹಿಟ್ಟು, ಬದುವಿನ ಮೇಲಿನ ಒಂದು ಹಿಡಿ ಮಣ್ಣು. ನಮ್ಮ ಹಿತ್ತಲಿನಲ್ಲಿ ಎರಡು ಹೊರಸು ಹಾಕಿದರೆ ಮೂರನೆಯದಕ್ಕೆ ಜಾಗವಿಲ್ಲ. ಬ್ಯಾಂಕಿನಲ್ಲಿ ಜನ್ಮ ತೇಯ್ದ ಮನುಷ್ಯ ಕಾಗದದ ಮೇಲೆ ಭಾಗಾಕಾರ ಮಾಡಿ ನೀರು ಇಳಿಸಿದರು, ಸಗಣಿ ಇಳಿಸಿದರು, ಗಂಜಲವನ್ನಂತೂ ಬಹಳೇ ಇಳಿಸಿದರು. ಬೆಲ್ಲ ಮಾತ್ರ ಎಕರೆ ಲೆಕ್ಕದಲ್ಲೇ ಉಳಿಯಿತು. ಅದು ನಾನು ಪಂಚಮಿ ಉಂಡಿಗೆಂದು ಮಹಾಲಿಂಗಪುರದಿಂದ ತರಿಸಿ ಇಟ್ಟಿದ್ದ ಬೆಲ್ಲ.

"ಏನ್ರೀ, ಉಂಡಿ ಕಟ್ಟೂ ಬೆಲ್ಲಾ ಸಗಣ್ಯಾಗ ಹಾಕಿದ್ರೆಲ್ಲಾ!"

"ಸೂಕ್ಷ್ಮಜೀವಿಗೋಳು ಬೆಳೀಬೇಕಲ್ಲ. ಅವಕ್ಕ ಸಕ್ಕರಿ ಬೇಕು, ಪ್ರೋಟೀನ್ ಬೇಕು."

"ಮತ್ತ ನಮಗ?"

ಇದಕ್ಕೆ ಪಾಳೇಕರ್ ಲೆಕ್ಕದಲ್ಲಿ ಉತ್ತರ ಇಲ್ಲವಂತೆ. ದಿನಕ್ಕೆ ಎರಡು ಹೊತ್ತು ಕೋಲು ಹಿಡಿದು ಡ್ರಮ್ಮು ತಿರುವಿದರು. ಎರಡನೇ ದಿನಕ್ಕೆ ನೊರೆ ಬಂತು, ಮೂರನೇ ದಿನಕ್ಕೆ ವಾಸನೆ ಕಂಪೌಂಡು ಹಾರಿತು. ಆಚೆ ಓಣಿಯ ಒಬ್ಬ ಕಾಕಾ ಗೇಟಿನ ಹತ್ತಿರ ನಿಂತು ಮೂಗು ಎಳೆದುಕೊಂಡು, "ಸಾಹೇಬ್ರು ರಿಟೈರ್ ಆದ್ಮ್ಯಾಗ ಮನ್ಯಾಗ ಭಟ್ಟಿ ಇಳಸಾಕ ಶುರು ಮಾಡ್ಯಾರೇನ್ರೀ?" ಅಂತ ಬಹಳ ಆಸೆಯಿಂದ ವಿಚಾರಿಸಿದರು.

ಬೆಲ್ಲದ ವಾಸನೆಗೆ ಇರುವೆ ಬಂದವು. ಡ್ರಮ್ಮು ಹತ್ತಿದವು, ಇಳಿದವು, ಅಲಸಂದಿ ಬಳ್ಳಿ ಕಂಡವು. ಬಳ್ಳಿಯ ತುದಿಗೆ ಕರಿ ಹೇನು ಮುತ್ತಿಕೊಂಡಿದ್ದವು. ಹೇನು ರಸ ಹೀರಿ ಸಿಹಿ ಅಂಟು ಬಿಡುತ್ತದೆ, ಇರುವೆ ಆ ಅಂಟಿನ ಆಸೆಗೆ ಹೇನನ್ನು ಕಾಯುತ್ತದೆ. ಹೇನು ತಿನ್ನುವ ಗುಲಗಂಜಿ ಹುಳ ಬಂದರೆ ಕಚ್ಚಿ ಓಡಿಸುತ್ತದೆ. ಹೀಗೆ ನನ್ನ ಬೆಲ್ಲ ತಿಂದು ಬಲಿತ ಇರುವೆಗಳು ನಮ್ಮವರ ಅಲಸಂದಿಯ ವೈರಿಗಳಿಗೆ ಕಾವಲು ನಿಂತವು. ನನಗೆ ಸ್ವಲ್ಪ ಸಮಾಧಾನವಾಯಿತು.

ಆಗ ಶುರುವಾದದ್ದು ಕಷಾಯದ ಪ್ರಕರಣ. ಬೆಳ್ಳುಳ್ಳಿ, ಮೆಣಸಿನಕಾಯಿ ಅರೆದು ನೀರಿಗೆ ಕಲಸಿ, ಸೋಸಿ ಹೊಡೆಯಬೇಕು. ನಮ್ಮವರು ಡಬ್ಬಿಯೊಳಗೆ ಕೈ ಹಾಕಿ ಸಿಕ್ಕ ಬ್ಯಾಡಗಿ ಮೆಣಸಿನಕಾಯಿಯನ್ನೇ ಅರೆದು ಹೊಡೆದರು. ಹೇನು ಜಗ್ಗಲಿಲ್ಲ. ಕಟ್ಟೆಯ ಮೇಲೆ ಎಲೆ-ಅಡಿಕೆ ಮೆಲ್ಲುತ್ತ ಕುಳಿತ ನಮ್ಮ ಅತ್ತೆ ಒಂದೇ ಮಾತು ಅಂದರು: "ತಮ್ಮಾ, ಬ್ಯಾಡಗಿಗೆ ಬಣ್ಣ ಐತಿ, ಖಾರ ಎಲ್ಲೈತೋ? ಹುಳಕ್ಕ ಲಿಪ್‌ಸ್ಟಿಕ್ ಹಚ್ಚಿಧಂಗಾತು."

ಮರುದಿನ ಖಾರದ ಗುಂಟೂರು ಮೆಣಸಿನಕಾಯಿ ಬಂತು. ಜೊತೆಗೆ ಬೇವಿನ ಬೀಜವೂ ಬಂತು. ಲೀಟರಿಗೆ 50 ಗ್ರಾಂ ಬೀಜ ಜಜ್ಜಿ, ರಾತ್ರಿ ನೆನೆಸಿ, ಸೋಸಿ, ಎಲೆಗೆ ಹತ್ತಿಕೊಳ್ಳಲಿ ಅಂತ ಚೂರು ಸಾಬೂನಿನ ನೀರು ಸೇರಿಸಬೇಕು. ಬೇವು ಒಳ್ಳೆಯದೇ, ಹುಳದ ಹಸಿವೆ ಕಟ್ಟುತ್ತದೆ, ಬೆಳವಣಿಗೆ ಕೆಡಿಸುತ್ತದೆ, ನನ್ನದೇನೂ ತಕರಾರಿಲ್ಲ. ಆದರೆ ಜಜ್ಜಲಿಕ್ಕೆ ಕಲ್ಲು ಇರುತ್ತ ಮಿಕ್ಸರ್ ಯಾಕೆ ಬೇಕಿತ್ತು? ಜಾರು ತೊಳೆದಿಟ್ಟಿದ್ದೇನೆ ಅಂತ ಪ್ರಮಾಣ ಮಾಡಿದರು. ಗಂಡಸರು ತೊಳೆದದ್ದನ್ನು ನೀವೂ ನೋಡಿರುತ್ತೀರಿ. ಬೆಳಿಗ್ಗೆ ಮಗಳು ಅದೇ ಜಾರಿನಲ್ಲಿ ಬಾಳೆಹಣ್ಣಿನ ಮಿಲ್ಕ್‌ಶೇಕ್ ಮಾಡಿಕೊಂಡಳು. ಮೊದಲ ಗುಟುಕಿಗೆ ಮುಖ ಕಹಿಯಾಯಿತು, ಎರಡು ಕ್ಷಣ ಬಿಟ್ಟು ಕಿವಿ ಕೆಂಪಾದವು. ಇಡೀ ಗ್ಲಾಸು ಬಚ್ಚಲಿಗೆ ಸುರಿಯಲು ಹೊರಟವಳಿಗೆ ಅಪ್ಪ ಅಡ್ಡ ಬಂದರು: "ಚೆಲ್ಲಬ್ಯಾಡವಾ, ಬೆಂಡಿ ಗಿಡಕ್ಕ ಹಾಕ್ತೀನಿ."

ಇನ್ನು ಸೋರೆಬಳ್ಳಿ. ಹೂವೋ ಹೂವು, ಕಾಯಿಗೆ ಗತಿಯಿಲ್ಲ. ನಮ್ಮಲ್ಲಿರುವ ತೋಟಗಾರಿಕೆ ವಿಶ್ವವಿದ್ಯಾಲಯದ ಮೇಳಕ್ಕೆ ಹೋಗಿ ವಿಚಾರಿಸಿಕೊಂಡು ಬಂದರು. ಸೋರೆಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ನವಿರು ರೋಮದ ಪುಟ್ಟ ಎಳೆಗಾಯಿ ಮೊದಲೇ ಇರುತ್ತದೆ. ಬಿಳಿ ಹೂ ಅರಳುವುದು ಸಂಜೆಗೆ. ಆ ಹೊತ್ತಿಗೆ ಪತಂಗ ಬರದಿದ್ದರೆ ಗಂಡು ಹೂ ಕಿತ್ತು, ಎಸಳು ಹಿಂದಕ್ಕೆ ಮಡಚಿ, ಹಳದಿ ಪರಾಗವನ್ನು ಹೆಣ್ಣು ಹೂವಿನ ನಡುವೆ ನಾವೇ ಸವರಬೇಕು. ದೀಪ ಹಚ್ಚುವ ಹೊತ್ತಿಗೆ ಮೊಬೈಲ್ ಬೆಳಕು ಹಿಡಿದು, ಬನಿಯನ್ನಿನ ಮೇಲೆ ಬಗ್ಗಿ, ಬಿಳಿ ಹೂಗಳ ನಡುವೆ ಏನೋ ಗುಣುಗುಣು ಅಂತ ಅಡ್ಡಾಡುವ ಮನುಷ್ಯನನ್ನು ನೋಡಿ ಹಿಂದಿನ ಮನೆಯಾಕೆ ನನ್ನನ್ನು ಬಾಜೂಕ್ಕೆ ಕರೆದರು.

"ವೈನಿ, ತಪ್ಪ ತಿಳ್ಕೋಬ್ಯಾಡ್ರಿ. ನಿಮ್ಮನ್ಯಾವ್ರು ಮೂರ ಸಂಜ್ಯಾಗ ಏನರೆ ಮಾಟಾ-ಗೀಟಾ ಮಾಡಸ್ತಾರೇನ್ರೀ?"

ನಾನು ಬಾಯಿ ತೆಗೆಯುವುದರೊಳಗೆ ಬಳ್ಳಿಯ ಸಂದಿಯಿಂದ ಉತ್ತರ ಬಂತು: "ಲಗ್ನಾ ಮಾಡಸಾಕತ್ತೀನ್ರೀ ಅಕ್ಕಾರ!" ಆಕೆ ಆ ವಾರ ನಮ್ಮ ಕಡೆ ಹಾಯಲಿಲ್ಲ.

ಲಗ್ನಗಳೇನೋ ಫಲಿಸಿದವು. ಥಾಲಿಪೆಟ್ಟು ಆಯಿತು, ಕಡಲೆಬೇಳೆ ಹಾಕಿದ ಪಲ್ಯ ಆಯಿತು, ಹಾಲುಬಾಯಿ ಥರದ್ದೇನೋ ಮಾಡಲು ಹೋಗಿ ಅದಾಗಲಿಲ್ಲ. ಹೆಚ್ಚುವ ಮುಂಚೆ ಒಂದು ಚೂರು ನಾಲಿಗೆಗೆ ಹಚ್ಚಿ ನೋಡುವುದು ನನ್ನ ರೂಢಿ. ಒಂದು ಕಾಯಿ ಕಹಿಯಿತ್ತು. "ಕಹಿ ಅಂದ್ರ ಶುಗರ್‌ಗೆ ಛಲೋ" ಅಂದರು ನಮ್ಮವರು. ಹಾಗಲಕ್ಕೆ ಆ ಮಾತು ನಡೆದೀತು, ಸೋರೆಗೆ ನಡೆಯದು. ಕಹಿ ಸೋರೆಯಲ್ಲಿ ಕುಕರ್ಬಿಟಾಸಿನ್ ಎಂಬ ವಿಷ ಇರುತ್ತದೆ, ಕುದಿಸಿದರೂ ಹೋಗುವುದಿಲ್ಲ. ವಾಂತಿ-ಭೇದಿಯಾಗಿ ದವಾಖಾನೆ ಸೇರಿದವರಿದ್ದಾರೆ. ಲಗ್ನ ಮಾಡಿಸಿದವರಿಗೆ ಹೊಟ್ಟೆ ಉರಿಯಿತು, ನಾನು ಕಾಯಿ ಒಗೆದೆ.

ಚಳಿಗಾಲದಲ್ಲಿ ಹಿತ್ತಲು ನೋಡಲಿಕ್ಕೆ ಚೆಂದ. ಮೆಂತ್ಯ, ಹಕ್ಕರಕಿ ಬೆಳಿಗ್ಗೆ ಕಿತ್ತು, ಮಣ್ಣು ತೊಳೆದು, ಬಿಸಿ ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವುದು. ಮೇಲೆ ಗುರೆಳ್ಳು ಚಟ್ನಿ, ಗಟ್ಟಿ ಮೊಸರು. ಈ ಊಟದ ಮುಂದೆ ನನ್ನ ತಕರಾರು ಅರ್ಧ ಇಳಿಯುತ್ತದೆ ಅಂತ ನಮ್ಮವರಿಗೆ ಗೊತ್ತು, ಡಬ್ಬಿಗಳಿಗೆ ಕೈ ಹಾಕುವುದು ಆಗಲೇ.

ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಎಡೆ ಎರಚಲು, ನಮಗೆ ಹೊಲವಿಲ್ಲ. ಅತ್ತೆಯ ಹೊಲ ಆಲಮಟ್ಟಿ ಹಿನ್ನೀರಿನ ತಳಕ್ಕೆ ಹೋಗಿದೆ, ಜಲಾಶಯ 519.60 ಮೀಟರ್‌ಗೆ ತುಂಬಿತು ಅಂತ ಪೇಪರಿನಲ್ಲಿ ಬಂದ ದಿನ ಆಕೆ ಪೇಪರು ಮಡಚಿ ಇಡುತ್ತಾರೆ. "ಹಿತ್ತಲಾದ್ರೇನು, ಭೂಮಿತಾಯಿ ಅಲ್ಲೇನು?" ಅಂದರು. ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಯ ಎಲ್ಲ ಕಲಸಿ ಬುಟ್ಟಿ ತುಂಬಿದೆವು. ಎಕರೆಗಟ್ಟಲೆ ಚರಗ ಚೆಲ್ಲಿದ ಕೈ ಅದು. ಹಿತ್ತಲು ಚಿಕ್ಕದು ಅಂತ ಕೈಗೆ ಹೇಗೆ ಗೊತ್ತಾಗಬೇಕು? ಮೊದಲ ಹಿಡಿಯೇ ಕಂಪೌಂಡು ದಾಟಿ ಬಾಜೂ ಮನೆಯ ಮಾಸ್ತರರ ಒಣಹಾಕಿದ ಬಿಳಿ ಅಂಗಿಯ ಮೇಲೆ ಬಿತ್ತು. ಎಣ್ಣೆಗಾಯಿಯ ಕಲೆ ಸಾಬೂನಿಗೆ ಬಗ್ಗುವುದಲ್ಲ. ಮಾಸ್ತರರಿಗೆ ಬುತ್ತಿ ಕಟ್ಟಿ ಕಳಿಸಿದೆವು. ಅವರು ಉಂಡು, "ಬರೂ ವರ್ಷ ಹಳೇ ಅಂಗಿ ಹಾಕಿರ್ತೀನ್ರೀ" ಅಂತ ಡಬ್ಬಿ ಮರಳಿಸಿದರು.

ಆ ಪುಂಡಿಯ ಕಥೆ ಒಂದಿದೆ. ಅತ್ತೆ ಮಳೆಗಾಲದಲ್ಲಿ ಗೋಡೆ ಮಗ್ಗಲು ಒಂದು ಮುಷ್ಟಿ ಬೀಜ ಒಗೆದಿದ್ದರು, ಅಷ್ಟೇ. ಅದಕ್ಕೆ ಬೆಲ್ಲ ಸಿಗಲಿಲ್ಲ, ಮಜ್ಜಿಗೆ ಸಿಗಲಿಲ್ಲ, ಹೆಸರು ಹಿಡಿದು ಯಾರೂ ಮಾತಾಡಿಸಲೂ ಇಲ್ಲ. ಎದೆಯುದ್ದ ಬೆಳೆಯಿತು. ಎಲೆ ಕುದಿಸಿ, ಹುಳಿ ನೀರು ಬಸಿದು, ಜೋಳದ ನುಚ್ಚು, ಕಡಲೆಬೇಳೆ, ಹಸಿಮೆಣಸಿನಕಾಯಿ ಹಾಕಿ ಮಸೆದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಮರುದಿನಕ್ಕೆ ಇನ್ನೂ ರುಚಿ. ನಮ್ಮವರು ಅದನ್ನು ಎರಡು ಸಲ ಹಾಕಿಸಿಕೊಂಡು ಉಣ್ಣುತ್ತಾರೆ. ಆದರೆ ತಮ್ಮ ತೋಟದ ಲೆಕ್ಕದಲ್ಲಿ ಬರೆಯುವುದಿಲ್ಲ.

ಬೇಸಿಗೆಗೆ ಸಂಡಿಗೆ. ಒಲೆಯ ಮೇಲೆ ಹಿಟ್ಟು ಕೊತಕೊತ ಅನ್ನುತ್ತಿದೆ, ಆರಿದರೆ ಗಟ್ಟಿಯಾಗಿ ಕೆಡುತ್ತದೆ, ಮಾಳಿಗೆಯ ಮೇಲೆ ಹಾಸುವ ಹಳೇ ಸೀರೆಯೇ ಇಲ್ಲ! ಹಿತ್ತಲಿಗೆ ಹೋಗಿ ನೋಡಿದರೆ ಟೊಮೆಟೊ ಸಸಿಗಳಿಗೆ ನೆರಳಾಗಿ ನನ್ನ ಸೀರೆ ನಾಲ್ಕು ಗೂಟಕ್ಕೆ ಬಿಗಿದು ನಿಂತಿದೆ. ನಾನು ಮಾತಾಡಲಿಲ್ಲ. ಒಗೆದು ಮಡಚಿಟ್ಟಿದ್ದ ಅವರ ಜರಿಯಂಚಿನ ಧೋತರ ತೆಗೆದು ಮಾಳಿಗೆಯ ಮೇಲೆ ಹಾಸಿ, ಸೌಟಿನಿಂದ ಸಾಲಾಗಿ ಬಿಟ್ಟೆ. ಆ ಬಿಸಿಲಿಗೆ ಸಂಡಿಗೆ ಗರಿಗರಿಯಾದವು, ಧೋತರವೂ ಆಯಿತು. ಹಿಂಬದಿಗೆ ನೀರು ಚಿಮುಕಿಸಿ ಬಿಡಿಸಿದರೆ ಸಂಡಿಗೆ ಬಂದವು, ಅಂಚಿನ ಜರಿಯೂ ಅಲ್ಲಲ್ಲಿ ಬಂತು. ಕರಿದಾಗ ಬಹಳ ಮಿಂಚಿದವು.

ಈಗ ಹೊಸದಾಗಿ ಪಂಚಗವ್ಯ ಅಂತ ಓದುತ್ತಿದ್ದಾರೆ. ಅದಕ್ಕೆ ಸಗಣಿ, ಗಂಜಲ ಅಲ್ಲದೆ ಹಾಲು, ಮೊಸರು, ತುಪ್ಪವೂ ಬೇಕು. ಮೊನ್ನೆ ಊಟಕ್ಕೆ ಕುಳಿತಾಗ "ಮನ್ಯಾಗ ತುಪ್ಪ ಎಷ್ಟೈತಿ?" ಅಂತ ತೀರಾ ಸಹಜವಾಗಿ ಕೇಳಿದರು. ತುಪ್ಪದ ಡಬ್ಬಿ ಅಂದೇ ತಿಜೋರಿ ಸೇರಿ ನನ್ನ ಬೋರಮಾಳ ಸರದ ಬಾಜೂ ಕುಳಿತಿದೆ. ಕೀಲಿಕೈ ಅತ್ತೆಯ ಎಲೆ-ಅಡಿಕೆ ಚಂಚಿಯಲ್ಲಿದೆ.