ತವರಿಗೆ ಹೋಗಿ ಹೆತ್ತ ತಪ್ಪಿಗೆ

ಸೀಮಂತ ಮುಗಿಸಿ ಹೆರಿಗೆಗೆ ತವರಿಗೆ ಹೊರಟ ಹೆಣ್ಣುಮಕ್ಕಳಿಗೆ ನಮ್ಮಲ್ಲಿ ನೂರೆಂಟು ಬುದ್ಧಿ ಹೇಳುತ್ತಾರೆ. ಪರಂಗಿಹಣ್ಣು ತಿನ್ನಬೇಡ, ಗ್ರಹಣ ನೋಡಬೇಡ, ಹೊಸ್ತಿಲ ಮೇಲೆ ಕೂರಬೇಡ. ಅಮೆರಿಕದ 1990ರ ವಲಸೆ ಕಾನೂನು ಒಮ್ಮೆ ಓದ್ಕೋ ಅಂತ ಮಾತ್ರ ಯಾರೂ ಹೇಳುವುದಿಲ್ಲ. ಹೇಳಬೇಕಿತ್ತು.

ಅಲ್ಲಿ ಗ್ರೀನ್ ಕಾರ್ಡಿನ (ಕಾಯಂ ವಾಸದ ಪರವಾನಗಿಯ) ಸರದಿ ನಡೆಯುವುದು ಹುಟ್ಟಿದ ದೇಶದ ಮೇಲೆ. ಪಾಸ್‌ಪೋರ್ಟ್ ಯಾವ ದೇಶದ್ದಾದರೂ ಸರಿ, ಎಷ್ಟು ಓದಿದ್ದರೂ ಸರಿ. ಕೆಲಸದ ಆಧಾರದ ಮೇಲೆ ವರ್ಷಕ್ಕೆ ಕೊಡುವುದು ಸುಮಾರು 1,40,000 ಕಾರ್ಡು. ಹೆಂಡತಿ ಮಕ್ಕಳೂ ಆ ಲೆಕ್ಕದಲ್ಲೇ ಬಂದರು. ಒಂದು ದೇಶಕ್ಕೆ ಶೇ. 7ರ ಮಿತಿ. 140 ಕೋಟಿ ಜನರ ಭಾರತಕ್ಕೂ ಅಷ್ಟೇ, ಹೆಚ್ಚುಕಡಿಮೆ ನಮ್ಮ ಬಳ್ಳಾರಿ ಊರಿನಷ್ಟು ಜನ ಇರುವ ಐಸ್‌ಲ್ಯಾಂಡಿಗೂ ಅಷ್ಟೇ. ಸಮಾನತೆ ಅಂದ್ರೆ ಇದಪ್ಪಾ! (ಬೇರೆಯವರು ಬಳಸದೆ ಬಿಟ್ಟ ಕಾರ್ಡು ಕೆಲವು ವರ್ಷ ನಮ್ಮವರಿಗೂ ಸಿಗುತ್ತದೆ. ಉಪಕಾರ ಮರೆಯಬಾರದು.)

ಅಪ್ಪ ಮಸ್ಕತ್‌ನಲ್ಲಿ ಕೆಲಸಕ್ಕಿದ್ದ ಒಂದು ಮನೆಯ ಅಣ್ಣತಮ್ಮಂದಿರನ್ನು ಸುಮ್ನೆ ಊಹಿಸಿಕೊಳ್ಳಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಅಂತ ಅಮ್ಮ ದಾವಣಗೆರೆಗೆ ಬಂದರು. ಎರಡನೆಯದಕ್ಕೆ ರಜೆ ಸಿಗಲಿಲ್ಲ, ಮಸ್ಕತ್‌ನಲ್ಲೇ ಆಯಿತು. ಇಬ್ಬರೂ ಓದಿದ್ದು ಒಂದೇ ಕಾಲೇಜು, ಈಗ ಅಮೆರಿಕದಲ್ಲಿ ಒಂದೇ ಆಫೀಸು. ತಮ್ಮ ಒಮಾನ್ ಲೆಕ್ಕಕ್ಕೆ, ಕೆಲವೇ ವರ್ಷದಲ್ಲಿ ಕಾರ್ಡು ಕೈಗೆ. ಅಣ್ಣ ಭಾರತದ ಲೆಕ್ಕಕ್ಕೆ. ಇಬಿ-2 (ಉನ್ನತ ಪದವಿಯವರು), ಇಬಿ-3 (ಪದವೀಧರರು, ನುರಿತ ಕೆಲಸಗಾರರು) ಸಾಲಿಗೆ ಹೊಸದಾಗಿ ಸೇರುವ ಭಾರತೀಯರು 134 ವರ್ಷ ಕಾಯಬೇಕು ಅಂತ 2023ರಲ್ಲಿ ವಾಷಿಂಗ್ಟನ್ನಿನ ಕೇಟೊ ಸಂಸ್ಥೆ ಲೆಕ್ಕ ಹಾಕಿತು. ಅಣ್ಣ ಸೊಪ್ಪು ತರಕಾರಿ ತಿಂದು, ದಿನಾ ವಾಕಿಂಗ್ ಹೋಗಿ ಆರೋಗ್ಯ ನೋಡಿಕೊಂಡರೆ ಸಾಕು. ಕೆಲಸ ಮಾತ್ರ ಹೋಗಬಾರದು. ಹೋದರೆ ಹೊಸ ಕೆಲಸ ಹುಡುಕಲೋ ದೇಶ ಬಿಡಲೋ 60 ದಿನದ ಗಡುವು.

ತಿಂಗಳಿಗೊಮ್ಮೆ ವೀಸಾ ಬುಲೆಟಿನ್ ಬರುತ್ತದೆ. ಯಾವ ತಾರೀಖಿನವರೆಗಿನ ಅರ್ಜಿಗೆ ಯೋಗ ಬಂತು ಅಂತ ಅದರಲ್ಲಿ ನೋಡಬೇಕು. 2022ರ ಸೆಪ್ಟೆಂಬರ್‌ನಲ್ಲಿ ಭಾರತದ ಇಬಿ-2 ತಾರೀಖು 2014ರ ಡಿಸೆಂಬರ್ 1 ಇತ್ತು. ಅಕ್ಟೋಬರ್‌ನಲ್ಲಿ ಅದು 2012ರ ಏಪ್ರಿಲ್ 1 ಆಯಿತು! ರಾಹು ಕೇತುಗಳೂ ಹಿಂದಕ್ಕೇ ನಡೆಯುತ್ತವೆ ನಿಜ. ಆದರೆ ಪಾಪ, ಪಂಚಾಂಗದಲ್ಲಿ ಮೊದಲೇ ತಿಳಿಸಿ ನಡೆಯುತ್ತವೆ.

ಒಂದು ಪರಿಹಾರ ಕಾನೂನಿನಲ್ಲೇ ಇದೆ. ಗಂಡ ಹೆಂಡತಿಯಲ್ಲಿ ಒಬ್ಬರು ಬೇರೆ ದೇಶದಲ್ಲಿ ಹುಟ್ಟಿದ್ದರೆ ಇಬ್ಬರೂ ಆ ದೇಶದ ಸಾಲಿಗೆ ಹೋಗಬಹುದು. ಹಾಗಾಗಿ ಇನ್ನು ಮೇಲೆ ವಧು ಬೇಕಾಗಿದೆ ಜಾಹೀರಾತು ಹೀಗಿರಲಿ: "ಗೋತ್ರ ಯಾವುದಾದರೂ ಸರಿ, ಕುಜದೋಷ ಇದ್ದರೂ ಅಡ್ಡಿಯಿಲ್ಲ. ಹುಡುಗಿ ಕುವೈತ್‌ನಲ್ಲೋ ನೇಪಾಳದಲ್ಲೋ ಹುಟ್ಟಿರತಕ್ಕದ್ದು. ಮೊದಲು ಜನನ ಪ್ರಮಾಣಪತ್ರದ ಜೆರಾಕ್ಸ್ ಕಳಿಸಿ, ಫೋಟೊ ಆಮೇಲೆ."

ಮಕ್ಕಳ ಕಥೆಯಲ್ಲಿ ನಗು ಬರುವುದಿಲ್ಲ. ಎರಡು ವರ್ಷದ ಕೂಸಾಗಿ ಅಮೆರಿಕಕ್ಕೆ ಹೋದ ಮಗಳು ಅಲ್ಲೇ ಅಕ್ಷರ ಕಲಿತಳು, ಅಲ್ಲೇ ಬೆಳೆದಳು. 21 ತುಂಬಿದರೆ ಕಾನೂನಿನ ಪ್ರಕಾರ ಅವಳು ಅಪ್ಪನ ಅರ್ಜಿಯಲ್ಲಿ ಮಗಳೇ ಅಲ್ಲ. ಸಣ್ಣಪುಟ್ಟ ವಿನಾಯಿತಿ ಇದೆ, ಎಲ್ಲರಿಗೂ ಸಾಲುವುದಿಲ್ಲ. ಕೇಕ್ ಕತ್ತರಿಸಿದ ಕೈಯಲ್ಲೇ ಲಾಯರಿಗೆ ಫೋನ್ ಮಾಡಬೇಕು. ಸ್ಟೂಡೆಂಟ್ ವೀಸಾ ಸಿಕ್ಕಿದರೆ ಸರಿ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಅಲ್ಲೇ ಹುಟ್ಟಿದ ಅವಳ ತಮ್ಮನೋ, ಅಮೆರಿಕದ ಪ್ರಜೆ. ಏರ್‌ಪೋರ್ಟಿಗೆ ಬಿಟ್ಟು ಬರಲು ಮನೆಯಲ್ಲಿ ಒಬ್ಬ ಬೇಕಲ್ಲ!

ದುಡ್ಡಿದ್ದವರಿಗೆ ಬೇರೆ ದಾರಿ ಇದೆ ಅನ್ನಬಹುದು. 2025ರ ಸೆಪ್ಟೆಂಬರ್ 19ರಂದು ಟ್ರಂಪ್ ಸಾಹೇಬರು ಎರಡು ಆದೇಶಕ್ಕೆ ಸಹಿ ಹಾಕಿದರು. ಒಂದು, ಹೊರಗಿನಿಂದ ಬರುವವರ ಹೊಸ ಎಚ್-1ಬಿ (ತಾತ್ಕಾಲಿಕ ಕೆಲಸದ ವೀಸಾ) ಅರ್ಜಿಗೆ 1,00,000 ಡಾಲರ್. ಇನ್ನೊಂದು, 10 ಲಕ್ಷ ಡಾಲರ್ ಕಾಣಿಕೆ ಕೊಟ್ಟವರಿಗೆ ಗೋಲ್ಡ್ ಕಾರ್ಡ್. ಆದರೆ ಈ ಚಿನ್ನದ ಕಾರ್ಡಿಗೂ ಇಬಿ-1 (ಅಸಾಧಾರಣ ಪ್ರತಿಭೆಯವರು), ಇಬಿ-2ರದ್ದೇ ಸಾಲು, ಅದೇ ಶೇ. 7. ಎಂಟು ಕೋಟಿ ರೂಪಾಯಿಗೂ ಮೇಲಾಯಿತು. ಇಷ್ಟು ಕೊಟ್ಟವರಿಗೆ ಕಾಯುವಾಗ ಕೂರಲು ಒಂದು ಕುರ್ಚಿಯಾದರೂ ಹಾಕ್ತಾರಾ ಅಂತ ಯಾರಾದರೂ ವಿಚಾರಿಸಿ.